ಲೋಲಾಕ್ಷಿಯ ಕೊಕ್ಕರೆಗಳು

ದೆಹಲಿಯ ಕರೋಲ್ ಬಾಗ್‌ನಲ್ಲಿ ಇಡ್ಲಿ-ದೋಸೆ ಹೋಟೆಲು ನಡೆಸುತ್ತಿದ್ದ ಕರುಣಾಕರನ ಹೆಂಡತಿ ಲೋಲಾಕ್ಷಿಗೆ ಕಾಗದ ಮಡಚಿ ಕೊಕ್ಕರೆ ಮಾಡುವ ಹುಚ್ಚು. ಅದಕ್ಕೆ ಕೈಯಿಂದ ತಯಾರಿಸಿದ ಕಾಗದವೇ ಬೇಕು. ಆದರೆ ಮಾರುವವರನ್ನು ಅವಳು ಕಿಂಚಿತ್ತೂ ನಂಬುತ್ತಿರಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ನಾರು ನೋಡುವಳು, ಮೂಲೆಗೆ ನಾಲಿಗೆ ತಾಗಿಸುವಳು. ಅಂಟಿಕೊಂಡರೆ ಆ ಹಾಳೆ ತೇವ ಹೀರುತ್ತದೆ, ಗರಿಗರಿಯಾಗಿ ನಿಲ್ಲಲು ಗಂಜಿ ಬಳಿಯಬೇಕು ಎಂದರ್ಥ. ಗಂಜಿಯನ್ನೂ ಹೋಟೆಲಿನಿಂದ ತರಿಸುತ್ತಿರಲಿಲ್ಲ, ಅಡುಗೆಯವರು ಸೋಡಾ ಬೆರೆಸುತ್ತಾರೆಂಬ ಗುಮಾನಿ. ತಾನೇ ಬೇಯಿಸಿ, ಸೋಸಿ, ಬಳಿದು ಒಣಗಿಸುವಳು.

೧೯೭೪ರ ಮಳೆಗಾಲದಲ್ಲಿ ಕೊಕ್ಕರೆಗಳೆಲ್ಲ ಮೆತ್ತಗಾಗಿ ಕತ್ತು ಜೋತುಬಿದ್ದವು. ಅವುಗಳಲ್ಲೊಂದನ್ನು ಹಿಡಿದು ಲೋಲಾಕ್ಷಿ ಕಾಗದದ ಅಂಗಡಿಗೆ ನುಗ್ಗಿದಳು.

"ಮೋಸದ ಮಾಲು ಕೊಟ್ಟಿದ್ದೀಯಲ್ಲ ಭಯ್ಯಾ!"

"ಅರೇ ಬೆಹನ್‌ಜೀ, ಅದೇ ಕಟ್ಟಿನ ಹಾಳೆ ನೋಡಿ, ಇನ್ನೂ ಗರಿಗರಿ ಇದೆ," ಎಂದ ಅಂಗಡಿಯವನು.

ಅವನ ಬಣ್ಣ ಬಯಲು ಮಾಡಲೆಂದೇ ಅವಳು ಕೊಕ್ಕರೆಯ ರೆಕ್ಕೆಗೆ ನಾಲಿಗೆ ತಾಗಿಸಿದಳು. ಉಪ್ಪು! ಊರಿನಲ್ಲಿ ಕುಡಿಯುವ ಗಂಜಿಗೆ ಹಾಕಿದ ಹಾಗೆ, ಅವಳ ರೂಢಿಯ ಕೈ ಕಾಗದಕ್ಕೆ ಬಳಿಯುವ ಗಂಜಿಗೂ ಉಪ್ಪು ಹಾಕಿಬಿಟ್ಟಿತ್ತು. ಆ ಉಪ್ಪು ಗಾಳಿಯ ತೇವವನ್ನೆಲ್ಲ ಹೀರಿತ್ತು.

"ಏನಾಯ್ತು?"

"ಏನಿಲ್ಲ. ಇನ್ನೆರಡು ಹಾಳೆ ಕೊಡು."

ಅವನು ಕೊಟ್ಟದ್ದನ್ನು ಎಂದಿನಂತೆ ಬೆಳಕಿಗೆ ಹಿಡಿದೇ ತೆಗೆದುಕೊಂಡಳು. ಅಂದಿನಿಂದ ಮಾತ್ರ, ಬಳಿಯುವ ಮೊದಲು ತಾನೇ ಬೇಯಿಸಿದ ಗಂಜಿಯನ್ನೂ ನೆಕ್ಕಿ ನೋಡತೊಡಗಿದಳು.