ಎರಡು ಮನೆ ಮೂಕವಾದ ಪೆಟ್ಟಿಗೆ

ಬೆಳಗಿನ ನಮಾಜು ಮುಗಿಸಿ ಬಂದ ಹಿದಾಯತ್ ಉಲ್ಲಾ ಜಗುಲಿಯ ಮೇಲೆ ಚಾಪೆ ಹಾಸಿ ಹಾರ್ಮೋನಿಯಂ ಒಂದರ ಮುಚ್ಚಳ ಬಿಚ್ಚುತ್ತಾರೆ. ಒಳಗೆ ವಿಭೂತಿ, ಕುಂಕುಮ, ಬಾಡಿದ ಚೆಂಡುಹೂವಿನ ಎಸಳು. ಐವತ್ತನಾಲ್ಕನೇ ಇಸವಿಯ ಆಯುಧಪೂಜೆ ಕಳೆದು ನಾಲ್ಕೇ ದಿನ. ಚಾಮರಾಜನಗರದ ಈ ಜಗುಲಿಗೆ ಆಗಲೇ ಆರು ಪೆಟ್ಟಿಗೆ ಬಂದು ಕೂತಿವೆ. ಎಲ್ಲಕ್ಕೂ ಒಂದೇ ರೋಗ. ವರ್ಷವಿಡೀ ಮುಟ್ಟದ ಮಹಾನುಭಾವರು ಅವತ್ತೊಂದು ದಿನ ಭಕ್ತಿ ಉಕ್ಕಿ ವಿಭೂತಿ ಬಳಿದು ಅರಿಸಿನದ ನೀರು ಚಿಮುಕಿಸುತ್ತಾರೆ. ಅದು ಸಂದಿಯಲ್ಲಿ ಇಳಿದು ಹಿತ್ತಾಳೆಯ ರೀಡುಗಳನ್ನು ಕಚ್ಚಿಕೊಳ್ಳುತ್ತದೆ.

"ದಿನಾ ಬಾರಿಸ್ತಾ ಇದ್ರೆ ಇಷ್ಟು ಕೊಳೆ ಕೂರಲ್ಲ ಸ್ವಾಮಿ," ಎನ್ನುತ್ತಾರೆ ಪಕ್ಕದಲ್ಲಿ ಕೂತ ನನಗೆ, ಕುಂಚದಲ್ಲಿ ಒರೆಸುತ್ತಾ. "ಇವ್ರಿಗೆ ಪೆಟ್ಟಿಗೆ ಬೇಕು. ಬಾರಿಸೋಕೆ ಪುರ್ಸೊತ್ತಿಲ್ಲ."

ಅರವತ್ತರ ಹತ್ತಿರದ ಜೀವ, ಮೂವತ್ತು ವರ್ಷದಿಂದ ಇದೇ ಕೆಲಸ. ಹರವೆಯ ಭಜನೆಯವರು, ಗುಂಡ್ಲುಪೇಟೆಯ ನಾಟಕದವರು, ಎಲ್ಲರಿಗೂ ಇವರೇ ಗತಿ. ದೊಡ್ಡ ಪೆಟ್ಟಿಗೆಯೊಂದರಲ್ಲಿ ಎಪ್ಪತ್ತೆಂಟು ರೀಡು. ಒಂದೊಂದನ್ನೂ ಅರದಲ್ಲಿ ಸವರಿ ಶ್ರುತಿಗೆ ತರಬೇಕು. ಬೆನ್ನು ಸೋತಿದೆ, ಬೆರಳ ಗಿಣ್ಣುಗಳು ಊದಿವೆ.

ಪಾಪ, ಅವರದೇ ಪೆಟ್ಟಿಗೆಯ ಕಥೆ ಬೇರೆ. ಮುಚ್ಚಿಹೋದ ನಾಟಕ ಕಂಪನಿ ಬಿಟ್ಟುಹೋದ ಅದರಲ್ಲಿ ಎರಡು ಕಪ್ಪು ಮನೆಯ, ಅಂದರೆ ಬೆರಳಲ್ಲಿ ಒತ್ತುವ ಕೀಲಿಯ, ರೀಡು ಮೂವತ್ತು ವರ್ಷದಿಂದಲೇ ಮುರಿದಿವೆ. ಒತ್ತಿದರೆ ಟಕ್ ಎನ್ನುತ್ತವೆ, ಅಷ್ಟೆ. ಆದರೂ ದಿನಾ ಸಂಜೆ ಒಂದು ಗಂಟೆ ಅದರ ಮುಂದೆ ಕೂರದೆ ಅವರಿಗೆ ಊಟ ಸೇರುವುದಿಲ್ಲ. ಎರಡು ಸಲ ಅದಕ್ಕೆಂದೇ ರೀಡು ಸವರಿಟ್ಟರು. ಎರಡು ಸಲವೂ ಹರವೆಯ ಭಜನೆಯವರು ಅವಸರದಲ್ಲಿ ಬಂದರು, ಇವರು ಆ ರೀಡನ್ನು ಅವರ ಪೆಟ್ಟಿಗೆಗೇ ಹಾಕಿ ಕಳಿಸಿದರು.

"ಊರಿನ ಪೆಟ್ಟಿಗೆಗೆಲ್ಲ ಇವರು ಹಕೀಮರು. ಮನೆಯದು ಮಾತ್ರ ಮೂಗಿ," ಎಂದು ಹೆಂಡತಿ ಖುರ್ಷೀದ್ ಬೇಗಂ ಚುಚ್ಚುತ್ತಾರೆ. ಬೆರಳು ಪೂರ್ತಿ ಸೆಟೆಯುವ ಮುಂಚೆ ಅದನ್ನು ಸರಿಮಾಡಬೇಕೆಂಬುದೊಂದೇ ಹಿದಾಯತ್ ಅವರ ಆಸೆ.

ಹೊತ್ತೇರುವಾಗ ಚಂದಕವಾಡಿಯ ಮರಿಮಲ್ಲಪ್ಪ ಗಾಡಿ ಕಟ್ಟಿಸಿಕೊಂಡು ಬರುತ್ತಾರೆ. ಬೆಳಿಗ್ಗೆ ಬಿಚ್ಚಿದ ಪೆಟ್ಟಿಗೆ ಅವರದೇ. ಮೈಸೂರಿನಿಂದ ತರಿಸಿದ್ದು, ಅವರು ಕೊಂಡ ಮೂರನೆಯದು.

"ಇದ್ಯಾಕೋ ಸರಿ ಇಲ್ಲ ಸಾಬ್ರೇ. ಇನ್ನೂ ದೊಡ್ದು ಒಂದ್ ತಕ್ಕಬುಡನಾ ಅಂದ್ಕಂಡಿವ್ನಿ."

"ಇದ್ರಲ್ಲಿ ಎಷ್ಟು ಪದ ಕಲಿತ್ರಿ ಯಜಮಾನ್ರೇ?"

ಮರಿಮಲ್ಲಪ್ಪ ಹೆಗಲ ಮೇಲಿನ ಟವೆಲ್ಲು ಸರಿಪಡಿಸಿಕೊಳ್ಳುತ್ತಾರೆ.

ಈ ಜಗುಲಿಗೊಂದು ಕಟ್ಟಳೆ ಇದೆ. ಶ್ರುತಿಗೆಂದು ಹಿದಾಯತ್ ಒಂದೊಂದೇ ಮನೆ ಒತ್ತಿ ನೋಡುತ್ತಾರೆ, ಪರರ ಪೆಟ್ಟಿಗೆಯಲ್ಲಿ ಪದ ನುಡಿಸುವುದಿಲ್ಲ. ಯಜಮಾನನೇ ಕೂತು ನುಡಿಸಿ ನೋಡಿ ಒಯ್ಯಬೇಕು.

"ನನ್ ಬೆಳ್ಳು ದಪ್ಪ ಕಣ್ ಸಾಬ್ರೇ. ಒಂದ್ ಮನೆ ಒತ್ತಿದ್ರೆ ಎರಡು ಕೂಗ್ತವೆ. ನಾಚ್ಕೆ ಆಯ್ತದೆ, ನೀವೇ ಬಾರಿಸಿ," ಎಂದು ಆ ದೊಡ್ಡ ಮನುಷ್ಯ ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಹಿದಾಯತ್‌ಗೆ ಇಲ್ಲವೆನ್ನಲಾಗುವುದಿಲ್ಲ.

ತಿದಿ ಎಳೆದು, ಕಣ್ಣು ಮುಚ್ಚಿ, ದಿನಾ ಸಂಜೆ ನುಡಿಸುವ ಪದವನ್ನೇ ಎತ್ತಿಕೊಳ್ಳುತ್ತಾರೆ. ಬೀದಿಯಲ್ಲಿ ಹೋಗುವವರು ನಿಲ್ಲುತ್ತಾರೆ. ಪದ ಮುಗಿದಾಗ ಮರಿಮಲ್ಲಪ್ಪನ ಕಣ್ಣು ಒದ್ದೆ. ಬಾಗಿಲ ಮರೆಯಲ್ಲಿದ್ದ ಖುರ್ಷೀದ್ ಬೇಗಂ ಮಾತ್ರ ಮೆಲ್ಲಗೆ ಕೇಳುತ್ತಾರೆ.

"ಆ ಎರಡು ಮನೆ ಯಾಕೆ ಬಿಟ್ರಿ? ಇದ್ರಲ್ಲಿ ಅವು ಕೂಗ್ತವಲ್ಲ."

ಹಿದಾಯತ್ ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಾರೆ. ಅವಕ್ಕೆ ಗೊತ್ತೇ ಇಲ್ಲ. ಮೂವತ್ತು ವರ್ಷ ದಾಟಿಕೊಂಡೇ ಹೋಗಿ, ಇಲ್ಲೂ ದಾಟಿಬಿಟ್ಟಿವೆ.

"ಇದು ನಿಮ್ಮತ್ರನೇ ಇರ್ಲಿ ಬುಡಿ ಸಾಬ್ರೇ," ಎನ್ನುತ್ತಾರೆ ಮರಿಮಲ್ಲಪ್ಪ.

"ಬೇಡಿ ಯಜಮಾನ್ರೇ. ಮನೆಗೆ ಒಯ್ದು ದಿನಾ ಅರ್ಧ ಗಂಟೆ ಕೂತ್ಕೊಳ್ಳಿ. ಎರಡು ಕೂಗಿದ್ರೆ ಕೂಗ್ಲಿ, ಹೊಸದು ಬೇಡ."

ಗಾಡಿ ಹೋದ ಮೇಲೆ ಅವರು ತಮ್ಮ ಹಳೇ ಪೆಟ್ಟಿಗೆಯನ್ನು ಚಾಪೆಗೆಳೆದು ಮುಚ್ಚಳ ಬಿಚ್ಚುತ್ತಾರೆ. ಉಳಿದ ಐದು ಪೆಟ್ಟಿಗೆ ನಾಳೆಗೆ.

"ಈ ಸಲ ರೀಡು ಯಾರಿಗೂ ಕೊಡಲ್ಲ," ಎನ್ನುತ್ತಾ ಅರ ಕೈಗೆತ್ತಿಕೊಳ್ಳುತ್ತಾರೆ. "ಇಷ್ಟು ವರ್ಷ ಬಾರಿಸಿದೀನಿ ಅಂದ್ಕೊಂಡಿದ್ದೆ ಸ್ವಾಮಿ. ಒಂದು ಪದಾನೂ ಪೂರ್ತಿ ಬಾರಿಸಿಲ್ಲ ನೋಡಿ."