ಅತ್ತಿಗೆ ಕಿತ್ತ ಬೋರ್ಡು

ನನ್ನ ಅತ್ತಿಗೆ ಯಾವುದೋ ಪರೀಕ್ಷೆಯಲ್ಲಿ ಪದೇ ಪದೇ ಫೇಲಾಗುತ್ತಿದ್ದಾರೆ ಎಂದು ನಾನು ಬಹಳ ವರ್ಷ ನಂಬಿದ್ದೆ. ನಂಬದೆ ಏನು ಮಾಡಲಿ? ಅಣ್ಣನ ಮನೆಗೆ ಹೋದಾಗೆಲ್ಲ ಊಟದ ಮೇಜಿನ ಮುಕ್ಕಾಲು ಭಾಗ ಅವರ ಪುಸ್ತಕ, ಟಿಪ್ಪಣಿ, ಬಣ್ಣದ ಪೆನ್ನುಗಳು. ಉಳಿದ ಮೂಲೆಯಲ್ಲಿ ಅಣ್ಣ ತಟ್ಟೆ ಹಿಡಿದು ಮುದುರಿಕೊಂಡು ಕೂತಿರುತ್ತಿದ್ದ. ಭಾನುವಾರ ಬಂತೆಂದರೆ ಅತ್ತಿಗೆ ಚೀಲ ಹೆಗಲಿಗೇರಿಸಿ ತರಗತಿಗೆ ಹೊರಡುತ್ತಿದ್ದರು. ಐವತ್ತು ದಾಟಿದವರು ಇನ್ನೂ ಓದುತ್ತಿದ್ದಾರೆ ಅಂದರೆ ಎಲ್ಲೋ ಒಂದು ವಿಷಯ ಬಾಕಿ ಉಳಿದಿದೆ ಎಂದೇ ಅರ್ಥ. ಗಣಿತವೇ ಇರಬೇಕು ಎಂದುಕೊಂಡು ಒಮ್ಮೆ ಸಮಾಧಾನವನ್ನೂ ಹೇಳಿದೆ.

"ಬೇಜಾರು ಮಾಡ್ಕೋಬೇಡಿ ಅತ್ತಿಗೆ. ಈ ಸಲ ಆಗಿಬಿಡುತ್ತೆ."

"ಏನಾಗುತ್ತೆ?"

"ಪಾಸು."

ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನನ್ನನ್ನು ನೋಡಿದರು. "ನಾನು ಪಾಸಾದಾಗ ನಿನಗಿನ್ನೂ ಮೀಸೆ ಮೂಡಿರ್ಲಿಲ್ಲ ಕಣಯ್ಯ."

ಅತ್ತಿಗೆ ನಗರದ ಸಾರ್ವಜನಿಕ ಗ್ರಂಥಾಲಯದ ಗ್ರಂಥಪಾಲಕಿ. ಅವರ ವೃತ್ತಿ ಸಂಘ ಬಲು ಕಟ್ಟುನಿಟ್ಟಿನದು. 'ನೋಂದಾಯಿತ ಗ್ರಂಥಪಾಲಕಿ' ಎನ್ನುವ ಸ್ಥಾನ ಒಮ್ಮೆ ಸಿಕ್ಕರೆ ನಿವೃತ್ತಿಯವರೆಗೆ ಬೆಚ್ಚಗೆ ಹೊದ್ದು ಮಲಗುವ ಹಾಗಿಲ್ಲ. ಮೂರು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ತರಗತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ತೂಕಡಿಸಿ ಬಂದರೆ ಲೆಕ್ಕಕ್ಕಿಲ್ಲ. ಏನು ಕಲಿತಿರಿ, ಅದರಿಂದ ಲೈಬ್ರರಿಯಲ್ಲಿ ಏನು ಬದಲಾಯಿತು ಎಂದು ಬರೆದು, ಸಮಿತಿಯ ಎದುರು ಕೂತು ಒಪ್ಪಿಸಬೇಕು. ಹಾಸ್ಯ ಬರೆಯುವವರಿಗೆ ಇಂಥದೊಂದು ಏರ್ಪಾಡು ಇಲ್ಲದಿರುವುದು ನನ್ನ ಪುಣ್ಯ.

ಕಳೆದ ಸಲದ ನವೀಕರಣ ಮಾತ್ರ ಎಂದಿನಂತಿರಲಿಲ್ಲ. ನೋಂದಾಯಿತ ಗ್ರಂಥಪಾಲಕರು ಇಲ್ಲದ ಕಡೆ ಆ ಹುದ್ದೆಯನ್ನೇ ತೆಗೆದುಹಾಕುವುದಾಗಿ ನಗರ ಕಚೇರಿ ಆದೇಶ ಹೊರಡಿಸಿತ್ತು. ಅತ್ತಿಗೆ ಆ ಸಲ ಜಾರಿದರೆ ಅವರು ಬರೀ ಗುಮಾಸ್ತೆ. ಮೇಲ್ವಿಚಾರಣೆಗೆ ನೀರಿನ ಕಂದಾಯ ವಿಭಾಗದ ಸಾಹೇಬರು. ಸಾಹೇಬರು ಆಗಲೇ ಬಂದು, ಅತ್ತಿಗೆಯ ಕೋಣೆಯ ಕಿಟಕಿಗೆ ಪರದೆ ಹೊಲಿಸಲು ಅಳತೆ ತೆಗೆದುಕೊಂಡು ಹೋಗಿದ್ದರು.

ಅತ್ತಿಗೆ ಬರೆಯಲು ಆರಿಸಿಕೊಂಡ ಸಂಗತಿ ಅವರದೇ ಒಂದು ಎಡವಟ್ಟು. ದೊಡ್ಡವರಾದ ಮೇಲೆ ಓದು ಕಲಿಯುತ್ತಿರುವವರಿಗಾಗಿ ಅವರು ದೊಡ್ಡಕ್ಷರದ ತೆಳು ಪುಸ್ತಕಗಳನ್ನು ತರಿಸಿದ್ದರು. ಬಾಗಿಲಿಗೆ ನೇರ ಎದುರಾಗಿ ಹೊಸ ಕಪಾಟು, ಅದರ ನೆತ್ತಿಯ ಮೇಲೆ 'ಹೊಸದಾಗಿ ಓದು ಕಲಿಯುವ ಹಿರಿಯರಿಗೆ' ಎಂದು ಬೀದಿಗೂ ಕಾಣುವಂಥ ಬೋರ್ಡು. ಅದರ ಕೆಳಗೆ ನಿಂತು ಫೋಟೋ ಕೂಡ ತೆಗೆಸಿಕೊಂಡಿದ್ದರು. ಹಿಂಭಾಗದ ಕೋಣೆಯಲ್ಲಿ ಇಂಥವರಿಗೇ ನಡೆಯುವ ಸಂಜೆ ತರಗತಿಗೆ ಜನ ಬರುತ್ತಿದ್ದರು, ಹೋಗುತ್ತಿದ್ದರು. ಕಪಾಟಿನತ್ತ ಮಾತ್ರ ಒಬ್ಬರೂ ಸುಳಿಯಲಿಲ್ಲ.

ಆಮೇಲೆ ಒಂದು ತರಬೇತಿಯಲ್ಲಿ, ಅವರ ಮಗಳ ವಯಸ್ಸಿನ ಶಿಕ್ಷಕಿಯೊಬ್ಬಳು ಎಲ್ಲರಿಗೂ ವಿಚಿತ್ರ ಮನೆಗೆಲಸ ಕೊಟ್ಟಳು. ಗುರುತಿಲ್ಲದ ಲೈಬ್ರರಿಗೆ ಹೋಗಿ, ಕೇಳಲು ನಾಚಿಕೆಯಾಗುವ ಪುಸ್ತಕವೊಂದನ್ನು ಕೇಳಿ ಬರಬೇಕು. ಅತ್ತಿಗೆಯ ಪಾಲಿಗೆ ಬಂದದ್ದು ಮೂಲವ್ಯಾಧಿ.

"ಆ ಕೌಂಟರಿನವನ ಗಂಟಲೋ, ದೇವರೇ ಗತಿ," ಎಂದು ಅತ್ತಿಗೆ ಮನೆಗೆ ಬಂದು ಹೇಳಿದರು. "'ಮೂಲವ್ಯಾಧಿನಾ? ಅಗೋ, ಆ ಕಿಟಕಿ ಹತ್ರ' ಅಂದ. ಪೇಪರ್ ಓದ್ತಿದ್ದೋರೆಲ್ಲ ತಲೆ ಎತ್ತಿದ್ರು. ಒಬ್ಬರು ಪಾಪ, ಎದ್ದು ತಮ್ಮ ಕುರ್ಚಿ ದಿಂಬು ಕೊಟ್ರು."

ಅಣ್ಣ ನಗಲು ಹೋಗಿ, ಅವರ ಮುಖ ನೋಡಿ ನುಂಗಿಕೊಂಡ.

ಮರುದಿನ ಬೆಳಗ್ಗೆ ಅತ್ತಿಗೆ ತಾವೇ ಸ್ಟೂಲು ಹತ್ತಿ ಆ ಬೋರ್ಡನ್ನು ಕಿತ್ತರು. ತೆಳು ಪುಸ್ತಕಗಳನ್ನು ಹೊಲಿಗೆ, ಅಡುಗೆ, ಎಂಜಿನ್ ರಿಪೇರಿ ಪುಸ್ತಕಗಳ ನಡುವೆ ಸೇರಿಸಿ, ಬೆನ್ನಿಗೆ ಸಣ್ಣದೊಂದು ಹಸಿರು ಚುಕ್ಕಿ ಅಂಟಿಸಿದರು. ಚುಕ್ಕಿಯ ಗುಟ್ಟನ್ನು ಸಂಜೆ ತರಗತಿಯವರಿಗೆ ಮಾತ್ರ ಹೇಳಿದರು. ಆ ವಾರವೇ, ಡಿಪೋದಲ್ಲಿ ಬಸ್ಸು ತೊಳೆಯುವವರೊಬ್ಬರು ಎಂಜಿನ್ ಕುರಿತ ಎರಡು ದಪ್ಪ ಪುಸ್ತಕ ತಂದು ಕೌಂಟರಿನ ಮೇಲಿಟ್ಟರು. ಅವೆರಡರ ನಡುವೆ ಚುಕ್ಕಿಯ ತೆಳು ಪುಸ್ತಕ. ಅತ್ತಿಗೆ ಮೂರಕ್ಕೂ ಒಂದೇ ಮುಖಭಾವದಲ್ಲಿ ಮುದ್ರೆ ಒತ್ತಿ ಕೊಟ್ಟರು. ಆಮೇಲೆ ಒಳಗೆ ಹೋಗಿ ಒಂದು ಲೋಟ ನೀರು ಕುಡಿದರಂತೆ, ಸಂತೋಷಕ್ಕೆ.

ಇಷ್ಟನ್ನೂ ಸಮಿತಿಗೆ ಬರೆದುಕೊಡುತ್ತೇನೆ ಎಂದು ಅತ್ತಿಗೆ ಹೇಳಿದಾಗ ಅಣ್ಣ ತಟ್ಟೆ ಕೆಳಗಿಟ್ಟ.

"ಅಲ್ಲ ಮಾರಾಯ್ತಿ, ಕೆಲಸ ಹೋಗೋ ಹೊತ್ತಲ್ಲಿ ಮಾಡಿದ ತಪ್ಪನ್ನ ಯಾರಾದ್ರೂ ತಾವೇ ಬರ್ಕೊಡ್ತಾರಾ? ಆ ಕಂಪ್ಯೂಟರ್ ಕೋರ್ಸು ಮಾಡಿದ್ಯಲ್ಲ, ಅದನ್ನ ಬರಿ."

"ಅದರಿಂದ ಏನೂ ಬದಲಾಗ್ಲಿಲ್ಲ. ಕಂಪ್ಯೂಟರೇ ಇನ್ನೂ ಬಂದಿಲ್ಲ."

ಸಮಿತಿಯ ದಿನ ಅಣ್ಣನ ಕೈಕಾಲು ಆಡಲಿಲ್ಲವಾದ್ದರಿಂದ ಅತ್ತಿಗೆಯನ್ನು ಸ್ಕೂಟರಿನಲ್ಲಿ ಕರೆದೊಯ್ಯುವ ಭಾಗ್ಯ ನನ್ನದಾಯಿತು. ಸಂದರ್ಶನದ ಕೋಣೆಯ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ನನ್ನ ಕಿವಿಯೂ ಅಷ್ಟೆ.

"ಬೋರ್ಡು ಎರಡು ವರ್ಷ ಇತ್ತು ಅಂತ ಬರೆದಿದ್ದೀರಿ," ಎಂದಿತು ಅಧ್ಯಕ್ಷೆಯ ದನಿ. "ಯಾರೂ ಬರ್ತಿಲ್ಲ ಅನ್ನೋದು ಕಾಣ್ತಿರ್ಲಿಲ್ವಾ?"

"ಕಾಣ್ತಿತ್ತು."

"ಮತ್ತೆ?"

"ಅವರಿಗೇ ಆಸಕ್ತಿ ಇಲ್ಲ ಅಂದ್ಕೊಂಡೆ. ಬೋರ್ಡಿನ ಮೇಲೆ ಅನುಮಾನ ಬರ್ಲಿಲ್ಲ. ನಾನೇ ಬರೆಸಿದ್ದಲ್ವಾ."

ಒಳಗೆ ಹಾಳೆ ತಿರುವುವ ಸದ್ದು. ಹೊರಗೆ ನಾನು ಉಗುರು ಕಚ್ಚುತ್ತಿದ್ದೆ. ಆಮೇಲೆ ಅದೇ ದನಿ, "ಮುಂದಿನ ವರ್ಷ ಹೊಸಬರಿಗೆ ಈ ಪಾಠ ನೀವೇ ಮಾಡ್ತೀರಾ?" ಎಂದಿತು.

ನವೀಕರಣದ ಪತ್ರ ಬಂತು. ಹುದ್ದೆ ಉಳಿಯಿತು. ಅಣ್ಣನಿಗೆ ಕನ್ನಡಕದ ಅಂಗಡಿಯಿದೆ. ಪತ್ರಕ್ಕೆ ಕಟ್ಟು ಹಾಕಿಸಿ ಅಲ್ಲೇ ತೂಗುಹಾಕಿದ್ದಾನೆ. ಈಗ ಕಣ್ಣು ಪರೀಕ್ಷೆಗೆ ಬಂದವರೆಲ್ಲ ಮೊದಲು ಅದನ್ನೇ ಓದಿ ಹೇಳಬೇಕು. ಸಣ್ಣಕ್ಷರ ಕಾಣದವರಿಗೆ ಅವನೇ ಓದಿ ಹೇಳುತ್ತಾನೆ.

ಪರದೆಯ ಆಸೆ ಕೈಬಿಟ್ಟ ಸಾಹೇಬರೂ ಅಭಿನಂದಿಸಲು ಲೈಬ್ರರಿಗೆ ಬಂದರು. ಚಹಾ ಕುಡಿಯುತ್ತ ಇಡೀ ಕಥೆ ಕೇಳಿದರು. ಕೇಳಿದ ಮೇಲೂ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

"ಅಲ್ಲ ಮೇಡಂ, ಒಂದು ಬೋರ್ಡು ಕಿತ್ತಿದ್ದಕ್ಕೆ ಇಷ್ಟೆಲ್ಲ ಗೌರವವಾ? ಅದಕ್ಕೆ ಅಷ್ಟು ವರ್ಷ ಓದಬೇಕಾ? ನಮ್ಮ ಜವಾನನಿಗೆ ಹೇಳಿದ್ರೆ ಹತ್ತು ಬೋರ್ಡು ಕೀಳ್ತಾನೆ."

ಅತ್ತಿಗೆ ಬಿಸ್ಕತ್ತಿನ ತಟ್ಟೆಯನ್ನು ಅವರ ಕಡೆ ಸರಿಸಿದರು.

"ಕೀಳ್ತಾನೆ ಸಾರ್. ಯಾವುದನ್ನ ಅಂತ ಯಾರು ಹೇಳ್ತಾರೆ, ನೀವಾ?"