ಅರ್ಧ ಸಾಲಿನ ನಂತರ

ಭಾನುವಾರ ಮಧ್ಯಾಹ್ನ ನಾವಿರುವ ಸಮರ್‌ಸೆಟ್ ಬಿಟ್ಟಾಗ ಜಿಟಿಜಿಟಿ ಮಳೆ. ಉತ್ತರಕ್ಕೆ ಎರಡು ಗಂಟೆಯ ಡ್ರೈವ್. ನ್ಯೂಯಾರ್ಕ್ ರಾಜ್ಯದ ಗುಡ್ಡವೊಂದರ ಮೇಲೆ ಯುರೋಪಿನಿಂದ ಬಂದ ಸನ್ಯಾಸಿಗಳು ಕಟ್ಟಿಸಿದ ಬರೋಕ್ ಎಂಬ ಆಡಂಬರದ ಶೈಲಿಯ ಚರ್ಚಿದೆ. ಅಲ್ಲಿ ಸಂಜೆಯ ಪ್ರಾರ್ಥನೆ ಪೂರ್ತಿ ಹಾಡಿನಲ್ಲೇ ನಡೆಯುತ್ತದೆ. ಕೇಳಬೇಕೆಂಬ ಆಸೆ ಹಳೆಯದು, ಅವಸರ ಮಾತ್ರ ಹೊಸದು. ಗುರುವಾರ ನನಗೆ ಥೈರಾಯ್ಡ್ ಸರ್ಜರಿ. ಗಡ್ಡೆ ಧ್ವನಿಯ ನರಕ್ಕೆ ಅಂಟಿಕೊಂಡಂತಿದೆ, ದನಿ ಹೋಗಲೂಬಹುದು ಎಂದಿದ್ದರು ಡಾಕ್ಟರು. ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಮಕ್ಕಳಿಗೆ ದೇವರನಾಮ ಹೇಳಿಕೊಡುವವಳು ನಾನು. ಆ ಮಾತು ಕೇಳಿದಂದಿನಿಂದ ಒಂದು ಸಾಲೂ ಹಾಡಿರಲಿಲ್ಲ. ಬಾಯಿ ತೆರೆದರೆ ದನಿ ಆಗಲೇ ಕೆಟ್ಟಿರುವುದು ಗೊತ್ತಾಗಿಬಿಟ್ಟರೆ ಎಂಬ ಭಯ.

"ಕಾಮನ್ ಸರ್ಜರಿ ಕಣೇ, ಸುಮ್ನೆ ತಲೆ ಕೆಡಿಸ್ಕೋಬೇಡ," ಎಂದರು ಗಂಡ ಶ್ರೀಧರ್. ಕಾರಿನಲ್ಲಿ ಅವರಿಗೆ ಮಾತು ಆಗದು. ಜಿಪಿಎಸ್ ಕೇಳಿಸುವುದಿಲ್ಲ, ಹೆದ್ದಾರಿಯಿಂದ ಹೊರಳುವ ಎಕ್ಸಿಟ್ ತಪ್ಪುತ್ತದೆ ಎಂದು ನನ್ನ ಬಾಯಿ ಮುಚ್ಚಿಸುವುದು ಅವರ ಹಳೆಯ ಪದ್ಧತಿ. ದಾರಿಯ ರೆಸ್ಟ್ ಏರಿಯಾದಲ್ಲಿ ಪುಳಿಯೋಗರೆ ಡಬ್ಬಿ ಬಿಚ್ಚಿದೆವು. ಪ್ರತಿ ತುತ್ತು ನುಂಗುವಾಗಲೂ ನನ್ನ ಕೈ ತಾನಾಗಿ ಗಂಟಲಿಗೆ ಹೋಗುತ್ತಿತ್ತು.

ಗುಡ್ಡಕ್ಕೆ ಮಂಜು ಕವಿದಿತ್ತು. ಚರ್ಚಿನೊಳಗೆ ತಿರುಚಿದ ಕಂಬಗಳು, ಚಿನ್ನದ ರೇಕು, ಛಾವಣಿಯ ಮೋಡಗಳಿಂದ ಇಣುಕುವ ದುಂಡು ಕೆನ್ನೆಯ ದೇವದೂತರು. ನೋಡಲು ಮದುವೆಮನೆಯಷ್ಟು ಸಡಗರ, ಆದರೆ ಸದ್ದೇ ಇಲ್ಲ. ನನ್ನ ಸಣ್ಣ ಕೆಮ್ಮು ಗುಮ್ಮಟಕ್ಕೆ ಬಡಿದು ಮರಳಿ ಬಂದಾಗ ಬೆಚ್ಚಿಬಿದ್ದೆ.

ಕಪ್ಪು ನಿಲುವಂಗಿಯ ಸನ್ಯಾಸಿಗಳು ಎರಡು ಗುಂಪಾಗಿ ಎದುರುಬದುರು ನಿಂತರು. ಒಂದು ಕಡೆಯವರು ಕೀರ್ತನೆ ಎತ್ತಿಕೊಂಡರೆ ಇನ್ನೊಂದು ಕಡೆಯವರು ಮುಂದುವರಿಸುತ್ತಿದ್ದರು. ತಾಳವಿಲ್ಲ, ಪಕ್ಕವಾದ್ಯವಿಲ್ಲ. ಪ್ರತಿ ಸಾಲಿನ ನಡುವೆ ಎಲ್ಲರೂ ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸುತ್ತಿದ್ದರು. ನಮ್ಮ ಭಜನೆಯಲ್ಲಿ ಹೇಳಿಕೊಡುವವರು ನಿಲ್ಲಿಸಿದರೆ ಕೂತವರು ಎತ್ತಿಕೊಳ್ಳಲೇಬೇಕು. ಒಂದೆರಡು ಸಲ ಹೇಗೋ ತಡೆದುಕೊಂಡೆ. ಆಮೇಲೆ ಕಣ್ಣು ಮುಚ್ಚಿತು, ಮೈಮರೆತೆ. ಅವರು ಬಿಟ್ಟ ಅರ್ಧ ಸಾಲನ್ನು ಗಟ್ಟಿಯಾಗಿ ತಿರುಗಿ ಹಾಡಿಬಿಟ್ಟೆ.

ಅಷ್ಟು ದೊಡ್ಡ ಚರ್ಚಿನಲ್ಲಿ ನನ್ನದೊಂದೇ ದನಿ! ಯಾರೂ ತಿರುಗಿ ನೋಡಲಿಲ್ಲ, ಪ್ರಾರ್ಥನೆ ಮುಂದುವರಿಯಿತು. ಪಕ್ಕದಲ್ಲಿ ಶ್ರೀಧರ್ ತಲೆ ತಗ್ಗಿಸಿ ಕೂತಿದ್ದರು. ನಾಚಿಕೆಯಾಗಿರಬೇಕು ಎಂದುಕೊಂಡೆ.

ಹೊರಡುವಾಗ ಬಾಗಿಲ ಬಳಿಯಿದ್ದ ವಯಸ್ಸಾದ ಸನ್ಯಾಸಿಯೊಬ್ಬರಲ್ಲಿ ಕ್ಷಮೆ ಕೇಳಿದೆ. ಅವರು ನಕ್ಕರು. ಆ ಮೌನವನ್ನು ಯಾರೂ ತುಂಬಬೇಕಾಗಿಲ್ಲ, ಅದು ಉಸಿರಾಡುವುದಕ್ಕೆ, ಉಳಿದರ್ಧ ಬಂದೇ ಬರುತ್ತದೆ ಎಂದರು. ಸಮಾಧಾನಕ್ಕೆಂದೇ ಹೇಳಿದ್ದು. ಆದರೆ ನನ್ನ ಉಳಿದರ್ಧ ಬಾರದೇ ಹೋದರೆ?

ಕಾರು ಗುಡ್ಡ ಇಳಿಯುವಾಗ ತಿರುಗಿ ನೋಡಿದೆ. ಮಂಜಿನಲ್ಲಿ ಗೋಪುರ ಕಾಣಲಿಲ್ಲ. ಹೆದ್ದಾರಿ ಸೇರಿದ ಮೇಲೆ ಶ್ರೀಧರ್ ಜಿಪಿಎಸ್ ಆಫ್ ಮಾಡಿದರು.

"ಏನಾದ್ರೂ ಮಾತಾಡ್ತಾ ಇರು."

"ಏನು ಮಾತಾಡ್ಲಿ?"

"ಏನಾದ್ರೂ. ಸುಮ್ನೆ ಮಾತ್ರ ಇರ್ಬೇಡ."

ಚರ್ಚಿನಲ್ಲಿ ಅವರು ತಲೆ ತಗ್ಗಿಸಿದ್ದು ನಾಚಿಕೆಯಿಂದಲ್ಲ. ನನಗಿಂತ ಹೆಚ್ಚು ಹೆದರಿದ್ದವರು ಅವರೇ. ಮಕ್ಕಳ ಕ್ಲಾಸು, ಫ್ರಿಜ್ಜಿನಲ್ಲಿ ಕೊಳೆಯುತ್ತಿದ್ದ ಬದನೆಕಾಯಿ, ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತ ಹೋದೆ. ನಮ್ಮ ಎಕ್ಸಿಟ್‌ನ ಬೋರ್ಡು ಬಂತು. ಇಬ್ಬರೂ ನೋಡಿದೆವು. ಶ್ರೀಧರ್ ಲೇನ್ ಬದಲಿಸಲಿಲ್ಲ. ನಾನು ಮಾತು ನಿಲ್ಲಿಸಲಿಲ್ಲ.